ಸ್ಕ್ಯಾಂಡೀಸ್ ರೋಸ್: ಕಾಗದದ ಲೆಕ್ಕದಲ್ಲಿ ಮಾತ್ರ ತೇಲಿದ್ದ ಹಡಗು

2019ರ ಡಿಸೆಂಬರ್ 31ರ ರಾತ್ರಿ, ಹತ್ತು ಗಂಟೆಯ ಹೊತ್ತು. ಅಲಾಸ್ಕಾದ ಕೋಸ್ಟ್ ಗಾರ್ಡ್ ರೇಡಿಯೋಗೆ ಒಂದು ಮೇಡೇ ಕರೆ, ಅಂದರೆ ಜೀವಾಪಾಯದಲ್ಲಿ ಸಹಾಯ ಕೇಳುವ ಕರೆ, ಬಂತು. ಕರೆದದ್ದು ಸ್ಕ್ಯಾಂಡೀಸ್ ರೋಸ್ ಅನ್ನುವ 130 ಅಡಿ ಉದ್ದದ ಮೀನುಗಾರಿಕೆ ಹಡಗು. ಎಲ್ಲಿದ್ದೇವೆ, ಏನಾಗುತ್ತಿದೆ ಅಂತ ಹೇಳುವಷ್ಟರಲ್ಲಿ ಮಾತು ನಿಂತಿತು. ಮತ್ತೆ ಎಷ್ಟು ಕರೆದರೂ ಆ ಕಡೆಯಿಂದ ಉತ್ತರ ಬರಲಿಲ್ಲ. ಸಟ್ವಿಕ್ ದ್ವೀಪದ ದಕ್ಷಿಣಕ್ಕೆ ಸುಮಾರು ಎರಡೂವರೆ ಮೈಲಿ ದೂರದಲ್ಲಿ ಹಡಗು ಮಗುಚಿ ಮುಳುಗಿತ್ತು. ಹಡಗಿನಲ್ಲಿ ಏಳು ಜನ ಇದ್ದರು. ಇಬ್ಬರು ಬದುಕಿದರು. ಉಳಿದ ಐವರು ಸಿಗಲೇ ಇಲ್ಲ.

ಉತ್ತರದ ತಣ್ಣನೆಯ ಕಡಲಿನಲ್ಲಿ ಮೀನು ಹಿಡಿಯುವವರ ಬಗ್ಗೆ ಮಾತು ಬಂದರೆ ಸಾಮಾನ್ಯವಾಗಿ ದೊಡ್ಡ ಅಲೆಯ ಕಥೆ, ಗಂಡೆದೆಯ ಕಥೆ ಬರುತ್ತದೆ. ಈ ಪ್ರಕರಣ ಹಾಗಲ್ಲ. ಹಡಗು ಹಳೆಯದಾದರೂ ಗಟ್ಟಿಯಾಗಿತ್ತು. ಕ್ಯಾಪ್ಟನ್ ಆ ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದವರು. ಹಡಗು ಮಗುಚದೆ ನಿಲ್ಲಲು ಎಷ್ಟು ಭಾರ ಹೇರಬಹುದು ಅಂತ ಹೇಳುವ ಸ್ಟೆಬಿಲಿಟಿ ಪುಸ್ತಕದ ಮಿತಿಯ ಒಳಗೇ ಹೇರಿದ ಭಾರ ಇತ್ತು. ಹವಾಮಾನದ ಮುನ್ಸೂಚನೆಯೂ ಕೈಯಲ್ಲಿತ್ತು. ಇಷ್ಟೆಲ್ಲ ಇದ್ದೂ ಹಡಗು ಉಳಿಯಲಿಲ್ಲ. ಯಾಕೆ ಅಂತ ನೋಡಬೇಕಾದರೆ ಕಡಲಿಗಿಂತ ಮೊದಲು ಬಂದರಿನ ಧಕ್ಕೆಯಲ್ಲಿ ನಡೆದದ್ದನ್ನು ನೋಡಬೇಕು.

ಹೊಸ ವರ್ಷಕ್ಕೆ ಮೊದಲೇ ಹೊರಟದ್ದು ಯಾಕೆ

ಸ್ಕ್ಯಾಂಡೀಸ್ ರೋಸ್ ಡಿಸೆಂಬರ್ 30ರ ರಾತ್ರಿ ಅಲಾಸ್ಕಾದ ಕೋಡಿಯಾಕ್ ಬಂದರು ಬಿಟ್ಟಿತು. ಹೋಗಬೇಕಾಗಿದ್ದದ್ದು ಬೇರಿಂಗ್ ಸಮುದ್ರಕ್ಕೆ. ಮೊದಲು ಕಾಡ್ ಮೀನು, ಆಮೇಲೆ ಸ್ನೋ ಕ್ರ್ಯಾಬ್ ಅನ್ನುವ ಏಡಿ. ಅಲ್ಲಿ ಬೋನು ಇಟ್ಟು ಕಾಡ್ ಹಿಡಿಯುವ ಹಂಗಾಮು ಜನವರಿ 1ಕ್ಕೆ ಶುರುವಾಗುತ್ತದೆ. ಏಡಿಗೆ 2005ರಿಂದ ಕೋಟಾ ಪದ್ಧತಿ ಬಂದಿದೆ. ಪ್ರತಿ ಹಡಗಿಗೂ ಇಂತಿಷ್ಟು ಅಂತ ಪಾಲು ಮೊದಲೇ ನಿಗದಿ ಇರುತ್ತದೆ, ನಿಧಾನವಾಗಿ ಹಿಡಿಯಬಹುದು. ಆದರೆ ಬೋನಿನ ಕಾಡ್ ಮೀನಿಗೆ ಆಗ ಆ ಅನುಕೂಲ ಇರಲಿಲ್ಲ. ಎಲ್ಲರಿಗೂ ಸೇರಿ ಒಂದೇ ಮಿತಿ. ಅದು ತುಂಬುವ ತನಕ ಯಾರು ಎಷ್ಟು ಹಿಡಿಯುತ್ತಾರೋ ಅಷ್ಟು ಅವರದ್ದು. ತಡವಾಗಿ ಹೋದವರಿಗೆ ಉಳಿದದ್ದು.

ಹಡಗಿನಲ್ಲಿ ತಿಂಗಳ ಸಂಬಳ ಅನ್ನುವುದೂ ಇಲ್ಲ. ನಮ್ಮ ಮಲ್ಪೆ, ಮಂಗಳೂರಿನ ಬೋಟುಗಳಲ್ಲಿ ಇರುವ ಹಾಗೆ ಅಲ್ಲೂ ಪಾಲಿನ ಲೆಕ್ಕವೇ. ಮೀನು ಮಾರಿದ ದುಡ್ಡಿನಲ್ಲಿ ಡೀಸೆಲ್, ಬೋನಿಗೆ ಹಾಕುವ ಆಮಿಷ, ಊಟದ ಸಾಮಾನು, ಬೇರೆಯವರ ಕೋಟಾದಲ್ಲಿ ಹಿಡಿದಿದ್ದರೆ ಅದರ ಬಾಡಿಗೆ ಎಲ್ಲ ಕಳೆಯುತ್ತಾರೆ. ಉಳಿದದ್ದರಲ್ಲಿ ಮಾಲೀಕರಿಗೆ ಇಷ್ಟು, ಕ್ಯಾಪ್ಟನ್‌ಗೆ ಇಷ್ಟು, ಡೆಕ್‌ನಲ್ಲಿ ದುಡಿಯುವವರಿಗೆ ಇಷ್ಟು. ಹೊಸಬರಿಗೆ ಕಡಿಮೆ, ಹಳಬರಿಗೆ ಜಾಸ್ತಿ. ಹಂಗಾಮು ಚೆನ್ನಾಗಿ ನಡೆದರೆ ಕೆಲವೇ ವಾರದಲ್ಲಿ ಬೇರೆ ಕೆಲಸದಲ್ಲಿ ವರ್ಷವಿಡೀ ದುಡಿದರೂ ಸಿಗದಷ್ಟು ದುಡ್ಡು. ಕೆಟ್ಟರೆ ಖರ್ಚು ಕಳೆದು ಕೈಗೆ ಏನೂ ಬಾರದೆಯೂ ಇರಬಹುದು. ಧಕ್ಕೆಯಲ್ಲಿ ಕಟ್ಟಿಕೊಂಡು ನಿಂತ ಹಡಗಿನಲ್ಲಿ ಯಾರಿಗೂ ಒಂದು ಕಾಸೂ ಹುಟ್ಟುವುದಿಲ್ಲ. ಹವಾಮಾನ ಸರಿಯಿಲ್ಲ ಅಂತ ಎರಡು ದಿನ ಕಾದರೆ ಆ ಎರಡು ದಿನದ ನಷ್ಟ ಏಳು ಮನೆಗಳಿಗೆ ಹಂಚಿಹೋಗುತ್ತದೆ. "ದುರಾಸೆಯಿಂದ ಹೋದರು" ಅಂತ ದಡದಲ್ಲಿ ಕೂತು ಹೇಳುವುದು ಸುಲಭ. ಆ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಲೆಕ್ಕ ಇರುವುದೇ ಹಾಗೆ. ಅದರೊಳಗೆ ಕೂತ ಮನುಷ್ಯ ಹೊರಡುತ್ತಾನೆ.

ಮುನ್ಸೂಚನೆಯಲ್ಲಿ ಎರಡು ವಿಷಯ ಸ್ಪಷ್ಟವಾಗಿತ್ತು. ಬಿರುಗಾಳಿ ಬರುತ್ತದೆ. ಜೊತೆಗೆ ಭಾರಿ ಪ್ರಮಾಣದಲ್ಲಿ ತುಂತುರು ಗಡ್ಡೆ ಕಟ್ಟುತ್ತದೆ. ಈ ಎರಡನೆಯದು ನಮ್ಮ ಕರಾವಳಿಯವರಿಗೆ ಗೊತ್ತೇ ಇಲ್ಲದ ಅಪಾಯ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತುಂತುರು ಗಡ್ಡೆ ಕಟ್ಟಿದಾಗ

ಸಮುದ್ರದ ನೀರು ಸುಮಾರು ಮೈನಸ್ 1.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಅಲಾಸ್ಕಾದ ಕಡೆ ಗಾಳಿ ಇದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಹಡಗಿನ ಮೂತಿ ಅಲೆಗೆ ಬಡಿದಾಗ ನೀರು ಚಿಮ್ಮುತ್ತದೆ. ಆ ಹನಿಗಳು ಗಾಳಿಯಲ್ಲಿ ಹಾರಿ ಬರುವಾಗಲೇ ತಣ್ಣಗಾಗಿರುತ್ತವೆ. ಕಬ್ಬಿಣಕ್ಕೆ ತಾಗಿದ ಕೂಡಲೇ ಅಂಟಿಕೊಂಡು ಗಡ್ಡೆಯಾಗುತ್ತವೆ. ಮುಂದಿನ ಅಲೆ ಬಂದಾಗ ಅದರ ಮೇಲೆ ಇನ್ನೊಂದು ಪದರ. ಕಂಬಿ, ಹಗ್ಗ, ಆಂಟೆನಾ, ಕಿಟಕಿಯ ಗಾಜು, ಎಲ್ಲವೂ ದಪ್ಪವಾಗುತ್ತಾ ಹೋಗುತ್ತವೆ.

ಇಂಥ ಹಡಗಿನ ಡೆಕ್ ಮೇಲೆ ಇರುವುದು ಬೋನುಗಳು. ಒಂದೊಂದು ಬೋನು ಸುಮಾರು ಏಳು ಅಡಿ ಚೌಕ, ಮೂರು ಅಡಿ ಎತ್ತರ. ಉಕ್ಕಿನ ಚೌಕಟ್ಟು, ಸುತ್ತ ನೈಲಾನ್ ಬಲೆ. ಖಾಲಿ ಇದ್ದಾಗಲೇ ಮುನ್ನೂರೈವತ್ತು ಕೆ.ಜಿ.ಗಿಂತ ಜಾಸ್ತಿ ತೂಗುವ ಬೋನುಗಳಿವೆ. ಪ್ರಯಾಣದಲ್ಲಿ ಹಗ್ಗದ ಸುರುಳಿ, ತೇಲುಬುರುಡೆ ಎಲ್ಲವನ್ನೂ ಬೋನಿನ ಒಳಗೇ ತುಂಬುತ್ತಾರೆ. ಸ್ಕ್ಯಾಂಡೀಸ್ ರೋಸ್ ಮೇಲೆ ಇಂಥ ಬೋನುಗಳು 195 ಇದ್ದವು. ಒಂದರ ಮೇಲೊಂದು ಪೇರಿಸಿ, ಸರಪಳಿ ಬಿಗಿದು, ಡೆಕ್ ತುಂಬ ನಿಲ್ಲಿಸಿದ್ದರು.

ಬೋನು ಗೋಡೆಯ ಹಾಗಲ್ಲ, ಜಾಲರಿ. ಹಾರಿ ಬಂದ ಹನಿ ಹೊರಗೆ ಮಾತ್ರ ನಿಲ್ಲುವುದಿಲ್ಲ. ಬಲೆಯ ಕಣ್ಣುಗಳೊಳಗೆ ನುಗ್ಗುತ್ತದೆ, ಒಳಗಿನ ಹಗ್ಗಕ್ಕೆ ಅಂಟುತ್ತದೆ, ಹಿಂದಿನ ಬೋನಿಗೂ ಹೋಗುತ್ತದೆ. ಒಂದೊಂದು ದಾರವೂ ಬೆರಳಿನಷ್ಟು, ಆಮೇಲೆ ಮಣಿಕಟ್ಟಿನಷ್ಟು ದಪ್ಪವಾಗುತ್ತದೆ. ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ಮಳೆಯಲ್ಲಿ ಹುಲ್ಲಿನ ಹೊರೆ ಹೊತ್ತು ನಡೆದವರಿಗೆ ಇದು ಅರ್ಥವಾಗುತ್ತದೆ: ಹೊರೆ ಅದೇ, ಹೆಜ್ಜೆ ಹೆಜ್ಜೆಗೂ ಭಾರ ಏರುತ್ತದೆ, ಅದೂ ತಲೆಯ ಮೇಲೆ. ಹಡಗಿಗೂ ಕಷ್ಟ ಅದೇ. ಭಾರ ಕೆಳಗಿದ್ದರೆ ಹಡಗು ವಾಲಿದರೂ ಮತ್ತೆ ಎದ್ದು ನಿಲ್ಲುತ್ತದೆ. ಮೇಲೆ ಏರಿದಷ್ಟೂ ಎದ್ದು ನಿಲ್ಲುವ ಶಕ್ತಿ ಕುಗ್ಗುತ್ತದೆ.

ಒಂದು ಲೆಕ್ಕ ಮಾಡಿ ನೋಡಿ. ನೂರು ಚದರ ಮೀಟರ್ ಜಾಗದ ಮೇಲೆ ಹದಿನೈದು ಸೆಂಟಿಮೀಟರ್ ಐಸು ಕಟ್ಟಿದರೆ ಹದಿಮೂರು ಟನ್ ದಾಟುತ್ತದೆ. ಅಷ್ಟು ಭಾರವನ್ನು ಯಾರೂ ಹಡಗಿಗೆ ಹೇರಲಿಲ್ಲ, ಯಾವ ಪುಸ್ತಕದಲ್ಲೂ ಬರೆಯಲಿಲ್ಲ. ಕತ್ತಲಲ್ಲಿ ತಾನಾಗಿ ಬಂದು ಕೂತಿತು.

ಇನ್ನೂ ಕೆಟ್ಟದ್ದು ಅಂದರೆ ಐಸು ಎರಡೂ ಬದಿಗೆ ಸಮನಾಗಿ ಕಟ್ಟುವುದಿಲ್ಲ. ಸ್ಕ್ಯಾಂಡೀಸ್ ರೋಸ್ ಅಲಾಸ್ಕಾ ಪರ್ಯಾಯ ದ್ವೀಪದ ದಕ್ಷಿಣ ಅಂಚು ಹಿಡಿದು ನೈಋತ್ಯಕ್ಕೆ ಹೋಗುತ್ತಿತ್ತು. ಗಾಳಿ ಬೀಸುತ್ತಿದ್ದದ್ದು ಬಲಗಡೆಯ ಬೆಟ್ಟಗಳ ಕಡೆಯಿಂದ. ಹಾಗಾಗಿ ಐಸೆಲ್ಲ ಬಲಬದಿಗೆ ಕಟ್ಟಿತು. ಹಡಗು ಬಲಕ್ಕೆ ವಾಲಿತು. ವಾಲಿದ ಬದಿಗೆ ನೀರು ಇನ್ನಷ್ಟು ಚಿಮ್ಮಿತು. ಅಲ್ಲಿ ಇನ್ನಷ್ಟು ಐಸು.

ಇದಕ್ಕೆ ಮದ್ದು ಹಳೆಯದು. ವೇಗ ಇಳಿಸಬೇಕು, ಗಾಳಿಯ ಜೊತೆಗೆ ಹಡಗನ್ನು ತಿರುಗಿಸಬೇಕು, ಇಲ್ಲವೇ ಯಾವುದಾದರೂ ದ್ವೀಪದ ಮರೆಗೆ ಹೋಗಿ ಎಲ್ಲರೂ ಸುತ್ತಿಗೆ, ಬ್ಯಾಟು ಹಿಡಿದು ಐಸು ಒಡೆಯಬೇಕು. ನಡುಗಡಲಲ್ಲಿ, ಆ ಗಾಳಿಯಲ್ಲಿ, ಜಾರುವ ಬೋನುಗಳ ಮೇಲೆ ಹತ್ತಿ ಒಡೆಯುವುದು ಜೀವಕ್ಕೆ ಕುತ್ತು. ಕ್ಯಾಪ್ಟನ್ ಅವತ್ತು ರಾತ್ರಿ ಫೋನಿನಲ್ಲಿ ಪರಿಚಯದವರ ಜೊತೆ ಮಾತಾಡಿದ್ದರು. ಐಸು ಕಟ್ಟುತ್ತಿದೆ, ಹಡಗು ವಾಲಿದೆ ಅಂತ ಹೇಳಿದ್ದರು. ಸಟ್ವಿಕ್ ದ್ವೀಪದ ಮರೆಗೆ ಹೋಗುವ ಪ್ರಯತ್ನದಲ್ಲಿದ್ದರು. ಅಂದರೆ ಮಾಡಬೇಕಾದ್ದನ್ನೇ ಮಾಡುತ್ತಿದ್ದರು. ಮರೆ ತಲುಪಲು ಕೆಲವೇ ಮೈಲಿ ಬಾಕಿ ಇತ್ತು.

ಆ ಜಾಗದ ಗುಣವನ್ನೂ ಹೇಳಬೇಕು. ಚಿಗ್ನಿಕ್ ಕೊಲ್ಲಿ ಮತ್ತು ಸಟ್ವಿಕ್ ಸುತ್ತಮುತ್ತ ಬೆಟ್ಟಗಳ ಸಂದಿಯಿಂದ ಗಾಳಿ ಕೊಳವೆಯಲ್ಲಿ ನುಗ್ಗಿದ ಹಾಗೆ ಬರುತ್ತದೆ. ಸುತ್ತಲಿನ ಕಡಲಿಗಿಂತ ಅಲ್ಲಿ ಗಾಳಿ ತುಂಬಾ ಜೋರು. ಆಗ ಅಲ್ಲಿ ಹವಾಮಾನ ಅಳೆಯುವ ಉಪಕರಣಗಳು ಸಾಕಷ್ಟು ಇರಲಿಲ್ಲ. ಅವತ್ತು ನಿಜವಾಗಿ ಇದ್ದ ಸ್ಥಿತಿ ಮುನ್ಸೂಚನೆಗಿಂತ ಕೆಟ್ಟದಾಗಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು.

ಪುಸ್ತಕದಲ್ಲಿದ್ದ ತಪ್ಪು

ಈಗ ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ಹೂರಣಕ್ಕೆ ಬರುತ್ತೇನೆ.

ಇಷ್ಟು ದೊಡ್ಡ ಮೀನುಗಾರಿಕೆ ಹಡಗಿನಲ್ಲಿ ಸ್ಟೆಬಿಲಿಟಿ ಪುಸ್ತಕ ಇರಲೇಬೇಕು ಅಂತ ಅಮೆರಿಕದ ಕಾನೂನು ಹೇಳುತ್ತದೆ. ಎಷ್ಟು ಬೋನು ಹೇರಬಹುದು, ಎಷ್ಟು ಸಾಲು ಎತ್ತರಕ್ಕೆ ಪೇರಿಸಬಹುದು, ಯಾವ ಟ್ಯಾಂಕ್ ತುಂಬಿರಬೇಕು, ಯಾವುದು ಖಾಲಿ ಇರಬೇಕು, ಎಲ್ಲ ಅದರಲ್ಲಿ ಇರುತ್ತದೆ. ಏಡಿ ಹಡಗಿಗೆ ಈ ಟ್ಯಾಂಕಿನ ವಿಷಯವೂ ಸಣ್ಣದಲ್ಲ. ಹಿಡಿದ ಏಡಿಯನ್ನು ಜೀವಂತವಾಗಿಯೇ ದಡಕ್ಕೆ ತರಬೇಕು, ಸತ್ತ ಏಡಿಯನ್ನು ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಹಡಗಿನ ಹೊಟ್ಟೆಯಲ್ಲಿ ಕಡಲ ನೀರು ತುಂಬಿದ ದೊಡ್ಡ ಟ್ಯಾಂಕುಗಳಿರುತ್ತವೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಅತ್ತಿತ್ತ ಓಡಾಡಿ ಹಡಗನ್ನು ಇನ್ನಷ್ಟು ವಾಲಿಸುತ್ತದೆ. ತುಂಬಿದರೆ ಪೂರ್ತಿ ತುಂಬಬೇಕು, ಇಲ್ಲ ಅಂದರೆ ಪೂರ್ತಿ ಖಾಲಿ ಮಾಡಬೇಕು.

ಸ್ಕ್ಯಾಂಡೀಸ್ ರೋಸ್‌ನ ಪುಸ್ತಕ ಹಳೆಯದೇನೂ ಅಲ್ಲ. 2019ರಲ್ಲೇ ಹೊಸದಾಗಿ ಮಾಡಿಸಿದ್ದು. ಕ್ಯಾಪ್ಟನ್ ಅದರ ಪ್ರಕಾರವೇ ಹೇರಿದ್ದರು. ಆದರೆ ಅಪಘಾತದ ಮೇಲೆ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಿಸಿತು. ಪುಸ್ತಕವೇ ತಪ್ಪಾಗಿತ್ತು. ಅದು ಹೇಳಿದಂತೆ ಹೇರಿದರೆ ಹಡಗು ಕಾನೂನು ಕೇಳುವಷ್ಟು ಸ್ಥಿರವಾಗಿರುವುದೇ ಇಲ್ಲ ಅಂತ ತಿಳಿಯಿತು. ಅಂದರೆ ಕೋಡಿಯಾಕ್ ಬಿಡುವಾಗಲೇ, ಒಂದು ಹನಿ ಐಸು ಕಟ್ಟುವ ಮೊದಲೇ, ಹಡಗಿಗೆ ಇದೆ ಅಂದುಕೊಂಡಿದ್ದ ಬಲ ಇರಲಿಲ್ಲ. ಅದು ಹಡಗಿನಲ್ಲಿದ್ದ ಏಳು ಜನರಿಗೆ ಗೊತ್ತಿರಲಿಲ್ಲ.

ಈ ಪುಸ್ತಕವನ್ನು ಅರ್ಹತೆ ಇರುವ ಒಬ್ಬ ವ್ಯಕ್ತಿ, ಸಾಮಾನ್ಯವಾಗಿ ಹಡಗಿನ ವಿನ್ಯಾಸ ಮಾಡುವ ಎಂಜಿನಿಯರ್, ತಯಾರು ಮಾಡಬೇಕು. ಅಲ್ಲಿಗೆ ಮುಗಿಯಿತು. ಇಂಥ ಮೀನುಗಾರಿಕೆ ಹಡಗುಗಳ ಪುಸ್ತಕವನ್ನು ಕೋಸ್ಟ್ ಗಾರ್ಡ್ ಮತ್ತೊಮ್ಮೆ ಲೆಕ್ಕ ಹಾಕಿ ನೋಡಬೇಕು ಅನ್ನುವ ಕಡ್ಡಾಯ ಇರಲಿಲ್ಲ. ಬಂದರಿನಲ್ಲಿ ತಪಾಸಣೆ ಮಾಡುವವರು ಪುಸ್ತಕ ಇದೆಯಾ, ಅದರ ಪ್ರಕಾರ ಹೇರಿದ್ದಾರಾ ಅಂತ ನೋಡುತ್ತಿದ್ದರು. ಪುಸ್ತಕ ಸರಿಯಿದೆಯಾ ಅಂತ ಕೇಳುವವರು ಯಾರೂ ಇರಲಿಲ್ಲ.

ಎರಡನೆಯ ತೊಂದರೆ ಕಾನೂನಿನಲ್ಲೇ ಇದೆ. ಉತ್ತರದ ಕಡಲಿನಲ್ಲಿ ಚಳಿಗಾಲದಲ್ಲಿ ಓಡುವ ಹಡಗಿನ ಲೆಕ್ಕದಲ್ಲಿ ಐಸಿನ ಭಾರವನ್ನೂ ಸೇರಿಸಬೇಕು. ಎಷ್ಟು ಅಂದರೆ ಅಡ್ಡ ಮೇಲ್ಮೈ ಮೇಲೆ 1.3 ಇಂಚು, ಅಂದರೆ 33 ಮಿಲಿಮೀಟರ್. ನೇರ ನಿಂತ ಮೇಲ್ಮೈ ಮೇಲೆ ಅದರ ಅರ್ಧ. ಬೋನುಗಳ ರಾಶಿಯನ್ನು ಮುಚ್ಚಿದ ಪೆಟ್ಟಿಗೆ ಅಂತ ಎಣಿಸಿ, ಹೊರ ಮೈಗೆ ಮಾತ್ರ ಐಸು ಸವರಿ ಲೆಕ್ಕ ಹಾಕುವುದು ರೂಢಿ. ಜಾಲರಿಯ ಒಳಗೆ ಕಟ್ಟುವ ಐಸು ಲೆಕ್ಕಕ್ಕೇ ಇಲ್ಲ. ಒಂದೇ ಬದಿಗೆ ಕಟ್ಟುವುದೂ ಇಲ್ಲ.

ಈಗ ಇದರ ಪಕ್ಕದಲ್ಲಿ ಹವಾಮಾನ ಇಲಾಖೆಯ ಅಳತೆ ಇಟ್ಟು ನೋಡಿ. ಗಂಟೆಗೆ 2 ಸೆಂಟಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಐಸು ಕಟ್ಟುವಂತಿದ್ದರೆ ಅಲ್ಲಿ "ಭಾರಿ" ಅನ್ನುವ ಎಚ್ಚರಿಕೆ ಕೊಡುತ್ತಾರೆ. ಅವತ್ತು ಇದ್ದದ್ದು ಅದೇ ಎಚ್ಚರಿಕೆ. ಆ ವೇಗದಲ್ಲಿ 33 ಮಿಲಿಮೀಟರ್ ತುಂಬಲು ಎರಡು ಗಂಟೆಯೂ ಬೇಕಾಗಿಲ್ಲ. ಕೋಡಿಯಾಕ್‌ನಿಂದ ಬೇರಿಂಗ್ ಸಮುದ್ರಕ್ಕೆ ದಿನಗಟ್ಟಲೆ ದಾರಿ. ಒಂದು ಸರ್ಕಾರಿ ಪುಟದ ಅಂಕಿ ಇನ್ನೊಂದು ಸರ್ಕಾರಿ ಪುಟದ ಅಂಕಿಯ ಜೊತೆ ಎರಡು ಗಂಟೆಯೂ ಹೊಂದುವುದಿಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ. ಇದು ಯಾರೋ ಒಬ್ಬರ ಧೈರ್ಯ, ಅಂಜಿಕೆಯ ಪ್ರಶ್ನೆ ಅಲ್ಲ. ಕೂಡಿ ಕಳೆದು ನೋಡಬೇಕಾಗಿದ್ದ ಲೆಕ್ಕ.

ಅದೂ ಮೊದಲ ಸಲ ಆಗಿದ್ದಲ್ಲ. ಮೂರು ವರ್ಷವೂ ತುಂಬಿರಲಿಲ್ಲ, 2017ರ ಫೆಬ್ರವರಿ 11ರ ಬೆಳಗಿನ ಜಾವ ಡೆಸ್ಟಿನೇಷನ್ ಅನ್ನುವ ಏಡಿ ಹಡಗು ಬೇರಿಂಗ್ ಸಮುದ್ರದ ಸೇಂಟ್ ಜಾರ್ಜ್ ದ್ವೀಪದ ಹತ್ತಿರ ಮುಳುಗಿತ್ತು. ಆರು ಜನ, ಆರೂ ಜನ ಹೋದರು. ಮೇಡೇ ಕೂಗುವುದಕ್ಕೂ ಸಮಯ ಸಿಗಲಿಲ್ಲ. ಉಪಗ್ರಹಕ್ಕೆ ಸಂಕೇತ ಕಳಿಸುವ ಬೀಕನ್ ಮಾತ್ರ ತೇಲಿ ಬಂದು ಕೂಗಿತು. ಅಲ್ಲೂ 200 ಬೋನು, ಅಲ್ಲೂ ಭಾರಿ ಐಸಿನ ಎಚ್ಚರಿಕೆ. ಮುಳುಗಿದ ಹಡಗಿನಿಂದ ಒಂದು ಬೋನನ್ನು ಮೇಲೆತ್ತಿ ತೂಗಿದರು. 840 ಪೌಂಡ್ ಬಂತು. ಆ ಹಡಗಿನ ಪುಸ್ತಕದಲ್ಲಿ ಬರೆದಿದ್ದದ್ದು 700 ಪೌಂಡ್. ಒಂದು ಬೋನಿಗೆ ಅರವತ್ತಮೂರು ಕೆ.ಜಿ. ವ್ಯತ್ಯಾಸ. 200 ಬೋನಿಗೆ ಹನ್ನೆರಡೂವರೆ ಟನ್. ಅಷ್ಟು ಭಾರ ಕಾಗದದಲ್ಲಿ ಇರಲಿಲ್ಲ, ಹಡಗಿನ ಮೇಲೆ ಇತ್ತು. ಅದರ ಮೇಲೆ ಐಸು.

ಡೆಸ್ಟಿನೇಷನ್ ಆದ ಮೇಲೆ ಕೋಸ್ಟ್ ಗಾರ್ಡ್ ಎಲ್ಲ ಹಡಗುಗಳಿಗೂ ಬೋನು ತೂಗಿ ನೋಡಿ ಅಂತ ಎಚ್ಚರಿಸಿತು. ಡೆಸ್ಟಿನೇಷನ್ ಪ್ರಕರಣದಲ್ಲಿ ಎನ್‌ಟಿಎಸ್‌ಬಿ ಮುಖ್ಯ ಕಾರಣ ಅಂತ ಎತ್ತಿ ಹೇಳಿದ್ದು ಕ್ಯಾಪ್ಟನ್‌ನ ನಿರ್ಧಾರವನ್ನು: ಐಸು ಕಟ್ಟುವ ಹವೆಯಲ್ಲಿ ಸಾಕಷ್ಟು ಸ್ಥಿರತೆ ಇದೆಯೋ ಇಲ್ಲವೋ ನೋಡದೆ ಮುಂದುವರಿದದ್ದು, ಐಸು ತೆಗೆಯಲು ಸಾಕಷ್ಟು ಮಾಡದೆ ಇದ್ದದ್ದು. ಸ್ಕ್ಯಾಂಡೀಸ್ ರೋಸ್‌ಗೆ ಬಂದಾಗ 2021ರ ಜೂನ್‌ನಲ್ಲಿ ಅದೇ ಮಂಡಳಿ ಮೊದಲ ಕಾರಣವಾಗಿ ಹೇಳಿದ್ದು ತಪ್ಪು ಪುಸ್ತಕವನ್ನು. ಅದರ ಜೊತೆ, ಊಹಿಸಿದ್ದಕ್ಕಿಂತ ಕೆಟ್ಟ ಹವೆಯಲ್ಲಿ ಒಂದೇ ಬದಿಗೆ ಕಟ್ಟಿದ ಐಸು. ನನಗೆ ಈ ಎರಡನೆಯ ತೀರ್ಮಾನ ಮುಖ್ಯ ಅನ್ನಿಸುತ್ತದೆ. ಸತ್ತ ಕ್ಯಾಪ್ಟನ್ ಮೇಲೆ ಎಲ್ಲವನ್ನೂ ಹಾಕಿ ಕಡತ ಮುಚ್ಚುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ.

ಹಾಗಂತ ಹೊರಟ ನಿರ್ಧಾರದಲ್ಲಿ ಏನೂ ತಪ್ಪಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಭಾರಿ ಐಸಿನ ಎಚ್ಚರಿಕೆ ಇತ್ತು. ಕೆಲವು ಹಡಗುಗಳ ಕ್ಯಾಪ್ಟನ್‌ಗಳು ಅಂಥ ದಿನ ಕಾಯುತ್ತಾರೆ. ಆದರೆ ಕ್ಯಾಪ್ಟನ್ ಮನಸ್ಸಿನಲ್ಲಿ ಅಳೆದು ತೂಗುವುದು ತನ್ನ ಹಡಗಿನ ಬಲದ ಮೇಲೆ. ಆ ಬಲದ ಅಂಕಿಯೇ ಸುಳ್ಳಾದರೆ ಮೂವತ್ತು ವರ್ಷದ ಅನುಭವವೂ ಸುಳ್ಳು ಅಂಕಿಯ ಮೇಲೆ ನಿಂತಿರುತ್ತದೆ.

ನೀರಿಗೆ ಬಿದ್ದ ಮೇಲೆ

ಬದುಕಿ ಬಂದ ಇಬ್ಬರೂ ಡೆಕ್‌ನಲ್ಲಿ ದುಡಿಯುವವರು. ಹಡಗು ಒಮ್ಮೆಲೇ ವಾಲಿತು, ಮತ್ತೆ ಎದ್ದು ನಿಲ್ಲಲಿಲ್ಲ ಅಂತ ತನಿಖೆಯಲ್ಲಿ ಹೇಳಿದರು. ಹಡಗು ನಡೆಸುವ ಕೋಣೆಯಾದ ವೀಲ್‌ಹೌಸ್‌ನಲ್ಲಿ ನೆಲ ಗೋಡೆಯಾಗಿತ್ತು. ಅಂಥ ಜಾಗದಲ್ಲಿ ಅವರು ಇಮ್ಮರ್ಷನ್ ಸೂಟ್ ಹಾಕಿಕೊಂಡು ಹೊರಗೆ ಹತ್ತಿದರು. ಉಳಿದವರಿಗೆ ಹೊರಬರಲು ಆಗಲಿಲ್ಲ.

ಈ ಸೂಟಿನ ಬಗ್ಗೆ ಎರಡು ಮಾತು. ದಪ್ಪ ನಿಯೋಪ್ರೀನ್‌ನ ಕೆಂಪು ಉಡುಪು. ಪಾದ, ಕೈ, ತಲೆ ಎಲ್ಲ ಒಂದರಲ್ಲೇ ಸೇರಿರುತ್ತದೆ, ಮುಖ ಮಾತ್ರ ಹೊರಗೆ. ಹಾಕಿಕೊಂಡರೆ ಬೆರಳು ಮಡಚುವುದೂ ಕಷ್ಟ. ಅದಕ್ಕೇ ಅಲ್ಲಿ ತರಬೇತಿಯಲ್ಲಿ ನೆಲದ ಮೇಲೆ ಸೂಟ್ ಹಾಸಿ, ಅದರ ಮೇಲೆ ಕೂತು, ಮೊದಲು ಕಾಲು, ಆಮೇಲೆ ಕೈ, ಕೊನೆಗೆ ತಲೆ ಅಂತ ಒಂದು ನಿಮಿಷದೊಳಗೆ ಹಾಕಿ ಝಿಪ್ ಎಳೆಯುವುದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಸಮತಟ್ಟಾದ ನೆಲದ ಮೇಲೆ ಮಾಡಿದ ಅಭ್ಯಾಸ ಅದು. ಅವತ್ತು ನೆಲವೇ ಇರಲಿಲ್ಲ.

ಸೂಟ್ ಇಲ್ಲದೆ ಅಂಥ ನೀರಿಗೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಲ್ಲಿನವರು ಒಂದು ಲೆಕ್ಕ ಹೇಳಿಕೊಡುತ್ತಾರೆ: ಒಂದು ನಿಮಿಷ, ಹತ್ತು ನಿಮಿಷ, ಒಂದು ಗಂಟೆ. ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತೀರಿ, ಆಗ ಅಲೆ ಬಂದರೆ ನೀರು ಒಳಗೆ ಹೋಗುತ್ತದೆ. ಆಮೇಲೆ ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ, ಆಮೇಲೆ ಬೆರಳು ಹಗ್ಗವನ್ನೂ ಹಿಡಿಯುವುದಿಲ್ಲ. ಸುಮಾರು ಒಂದು ಗಂಟೆಗೆ ಪ್ರಜ್ಞೆ ಹೋಗುತ್ತದೆ. ಚಳಿಗೆ ಸತ್ತರು ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ನಿಜವಾಗಿ ಬಹಳ ಜನ ಚಳಿ ಒಳಗಿಳಿಯುವ ಮೊದಲೇ, ಉಸಿರು ಅಥವಾ ಕೈ ಕೈಕೊಟ್ಟು, ಮುಳುಗಿ ಸಾಯುತ್ತಾರೆ.

ಇಬ್ಬರೂ ಅಲೆಗಳ ನಡುವೆ ಹೇಗೋ ಒಂದು ಲೈಫ್ ರಾಫ್ಟ್, ಅಂದರೆ ಜೀವ ಉಳಿಸುವ ತೆಪ್ಪ, ಹತ್ತಿದರು. ರಾಫ್ಟಿನೊಳಗೂ ನೀರು. ಸುಮಾರು ನಾಲ್ಕು ಗಂಟೆ ಹಾಗೇ ಕಳೆದರು. ಹೊಸ ವರ್ಷ ಹುಟ್ಟಿದ್ದು ಅವರು ಆ ರಾಫ್ಟಿನಲ್ಲಿದ್ದಾಗ.

ಕೋಡಿಯಾಕ್‌ನಿಂದ ಕೋಸ್ಟ್ ಗಾರ್ಡ್‌ನ ಜೇಹಾಕ್ ಹೆಲಿಕಾಪ್ಟರ್ ಹೊರಟಿತು. ಹೋಗಬೇಕಾದ ದೂರ ಸುಮಾರು 170 ಮೈಲಿ. ಗಂಟೆಗೆ ನಲವತ್ತು ಮೈಲಿ ಮೀರಿದ ಗಾಳಿ, ಹದಿನೈದು ಅಡಿಗೂ ಎತ್ತರದ ಅಲೆ, ಒಂದು ಮೈಲಿಯಾಚೆ ಏನೂ ಕಾಣದ ಕತ್ತಲು. ಬೀಕನ್‌ನಿಂದ ಯಾವ ಸಂಕೇತವೂ ಬಂದಿರಲಿಲ್ಲ. ಅವರ ಬಳಿ ಇದ್ದದ್ದು ಆ ಒಂದು ಮೇಡೇ ಕರೆ, ಅದರಲ್ಲಿ ಹೇಳಿದ ಜಾಗ, ಅಷ್ಟೇ. ಆ ಕರೆ ಅರ್ಧ ನಿಮಿಷ ತಡವಾಗಿದ್ದರೆ ಯಾವ ಕಡಲಲ್ಲಿ ಹುಡುಕಬೇಕು ಅಂತಲೂ ಗೊತ್ತಾಗುತ್ತಿರಲಿಲ್ಲ. ಹಡಗು ಕಾಲಡಿಯಿಂದ ಜಾರುತ್ತಿದ್ದಾಗ ರೇಡಿಯೋ ಹಿಡಿದು ಜಾಗ ಹೇಳಿದ ಮನುಷ್ಯ ಇಬ್ಬರನ್ನು ಬದುಕಿಸಿದ.

ಬೆಳಗಿನ ಜಾವ ಎರಡರ ಹೊತ್ತಿಗೆ ಹೆಲಿಕಾಪ್ಟರ್‌ನವರಿಗೆ ಅವರು ಸಿಕ್ಕರು. ಈಜುಗಾರನೊಬ್ಬ ಹಗ್ಗದಲ್ಲಿ ಇಳಿದು ಇಬ್ಬರನ್ನೂ ಮೇಲೆ ಕಳಿಸಿದ. ಇನ್ನೊಂದು ರಾಫ್ಟ್ ಖಾಲಿ ಸಿಕ್ಕಿತು. ಹೆಲಿಕಾಪ್ಟರ್, ಸಿ-130 ವಿಮಾನ, ಕೋಸ್ಟ್ ಗಾರ್ಡ್ ಹಡಗು ಎಲ್ಲ ಸೇರಿ ಇಪ್ಪತ್ತು ಗಂಟೆ, ಸುಮಾರು 1,400 ಚದರ ಮೈಲಿ ಹುಡುಕಿದರು. ಜನವರಿ 1ರ ಸಂಜೆ ಹುಡುಕಾಟ ನಿಲ್ಲಿಸಿದರು.

ಆಮೇಲೆ ಏನಾಯಿತು

ಈ ಕೆಲಸ ಮೊದಲಿಗಿಂತ ಸುರಕ್ಷಿತವಾಗಿದೆ ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ. 1990ರ ದಶಕದಲ್ಲಿ ಬೇರಿಂಗ್ ಸಮುದ್ರದ ಏಡಿ ಹಡಗುಗಳಲ್ಲಿ ವರ್ಷಕ್ಕೆ ಸರಾಸರಿ ಏಳೆಂಟು ಜನ ಸಾಯುತ್ತಿದ್ದರು. ಆಗ ಕೆಂಪು ಕಿಂಗ್ ಕ್ರ್ಯಾಬ್ ಹಂಗಾಮು ಕೆಲವೇ ದಿನ. ಎಲ್ಲರೂ ಒಟ್ಟಿಗೆ ನುಗ್ಗಿ, ನಿದ್ದೆ ಬಿಟ್ಟು ಹಿಡಿಯುತ್ತಿದ್ದರು. 1988ರ ಕಾನೂನು ಸೂಟು, ರಾಫ್ಟು, ಬೀಕನ್ ಕಡ್ಡಾಯ ಮಾಡಿತ್ತು. 1999ರಿಂದ ಹಂಗಾಮು ಶುರುವಾಗುವ ಮೊದಲು ಕೋಸ್ಟ್ ಗಾರ್ಡ್‌ನವರು ಧಕ್ಕೆಗೇ ಬಂದು ಬೋನು ಎಣಿಸಿ ನೋಡತೊಡಗಿದರು. ಸಾವು ಆಗಲೇ ಕಡಿಮೆಯಾಯಿತು. 2005ರ ಕೋಟಾ ಬಂದ ಮೇಲೆ ಇನ್ನೂ ಕಡಿಮೆಯಾಯಿತು. ಆದರೆ ಹಡಗುಗಳ ಸಂಖ್ಯೆಯೂ ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯಿತು. ಸಾವಿರಕ್ಕೂ ಜಾಸ್ತಿ ಜನ ಡೆಕ್ ಕೆಲಸ ಕಳೆದುಕೊಂಡರು. ಉಳಿದವರ ಪಾಲಿನಲ್ಲಿ ಕೋಟಾ ಬಾಡಿಗೆ ಕಡಿತವಾಗತೊಡಗಿತು. ಸುರಕ್ಷತೆಗೆ ಬೆಲೆ ಕೊಟ್ಟವರು ಹೆಚ್ಚಾಗಿ ಕೂಲಿಯವರೇ. ಆ ಬೆಲೆ ಕೊಡಬೇಕಾಗಿತ್ತು ಅಂತಲೇ ನನ್ನ ಅಭಿಪ್ರಾಯ, ಆದರೆ ಯಾರ ಜೇಬಿನಿಂದ ಹೋಯಿತು ಅನ್ನುವುದು ಮರೆಯಬಾರದು.

ಸ್ಕ್ಯಾಂಡೀಸ್ ರೋಸ್ ಆದ ಮೇಲೆ ಎನ್‌ಟಿಎಸ್‌ಬಿ ಹಲವು ಶಿಫಾರಸು ಮಾಡಿತು. ಬೋನುಗಳ ರಾಶಿಯ ಮೇಲೆ, ಒಳಗೆ, ಒಂದೇ ಬದಿಗೆ ಐಸು ಹೇಗೆ ಕಟ್ಟುತ್ತದೆ ಅಂತ ಕೋಸ್ಟ್ ಗಾರ್ಡ್ ಅಧ್ಯಯನ ಮಾಡಿಸಬೇಕು, ಅದರ ಪ್ರಕಾರ ಕಾನೂನು ತಿದ್ದಬೇಕು. ಸ್ಟೆಬಿಲಿಟಿ ಪುಸ್ತಕಗಳನ್ನು ಯಾರಾದರೂ ಮತ್ತೆ ಪರೀಕ್ಷಿಸುವ ವ್ಯವಸ್ಥೆ ಬೇಕು. ಸಟ್ವಿಕ್, ಚಿಗ್ನಿಕ್ ಸುತ್ತ ಹವಾಮಾನ ಅಳೆಯುವ ಸಾಧನ ಹೆಚ್ಚಿಸಬೇಕು. ತುಂತುರು ಐಸಿನ ಮುನ್ಸೂಚನೆಯನ್ನು ನಕ್ಷೆಯಲ್ಲಿ ತೋರಿಸುವ ವೆಬ್‌ಸೈಟ್ ಒಂದು ಪ್ರಯೋಗವಾಗಿಯೇ ಉಳಿದಿತ್ತು, ಅದನ್ನು ಎಲ್ಲರಿಗೂ ಪೂರ್ತಿಯಾಗಿ ಕೊಡಬೇಕು. ಪ್ರತಿಯೊಬ್ಬರ ಮೈಮೇಲೂ ಸ್ವಂತ ಬೀಕನ್ ಇರಬೇಕು. ಈ ಕೊನೆಯದು ಹೊಸದಲ್ಲ. 2015ರಲ್ಲಿ ಎಲ್ ಫಾರೋ ಅನ್ನುವ ಸರಕು ಹಡಗು ಮುಳುಗಿ 33 ಜನ ಸತ್ತ ಮೇಲೆ ಅವರೇ ಕೇಳಿದ್ದನ್ನು ಮತ್ತೆ ಕೇಳಿದರು.

ಸ್ವಂತ ಬೀಕನ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಕೆಲವು ನೂರು ಡಾಲರ್‌ಗೆ ಸಿಗುತ್ತದೆ. ಸ್ಕ್ಯಾಂಡೀಸ್ ರೋಸ್‌ನ ಬೆಲೆ ಸುಮಾರು 1.5 ಕೋಟಿ ಡಾಲರ್ ಅಂತ ವರದಿ ಹೇಳುತ್ತದೆ. ಇಷ್ಟು ಸಣ್ಣ ಖರ್ಚಿಗೆ ಕಾನೂನು ಕಾಯಬೇಕಾಗಿಲ್ಲ, ಯಾವ ಮಾಲೀಕರೂ ಇವತ್ತೇ ಕೊಡಿಸಬಹುದು, ಅಲ್ವಾ?

ಇನ್ನು ಇಷ್ಟು ಅಪಾಯಕ್ಕೆ ಸಿಗುವ ಫಲವೂ ಮೊದಲಿನ ಹಾಗಿಲ್ಲ. 2018 ಮತ್ತು 2019ರಲ್ಲಿ ಬೇರಿಂಗ್ ಸಮುದ್ರ ಎಂದಿಗಿಂತ ಬಿಸಿಯಾಯಿತು. ಬೆಚ್ಚಗಿನ ನೀರಿನಲ್ಲಿ ಸ್ನೋ ಕ್ರ್ಯಾಬ್‌ಗೆ ಹಸಿವು ಜಾಸ್ತಿ, ಹಾಗಾಗಿ ತಿಂದಷ್ಟೂ ಸಾಲದೆ ಹಸಿದು ಸತ್ತವು ಅಂತ 2023ರಲ್ಲಿ ವಿಜ್ಞಾನಿಗಳು ಬರೆದರು. ಕಾಣೆಯಾದ ಏಡಿಗಳು ಸುಮಾರು ಸಾವಿರ ಕೋಟಿ. 2022ರ ಅಕ್ಟೋಬರ್‌ನಲ್ಲಿ ಇತಿಹಾಸದಲ್ಲೇ ಮೊದಲ ಸಲ ಸ್ನೋ ಕ್ರ್ಯಾಬ್ ಹಂಗಾಮನ್ನು ಮುಚ್ಚಿದರು. ಕೆಂಪು ಕಿಂಗ್ ಕ್ರ್ಯಾಬ್ ಅದಕ್ಕೂ ಮೊದಲೇ ಮುಚ್ಚಿತ್ತು. 2024ರಲ್ಲಿ ಸ್ನೋ ಕ್ರ್ಯಾಬ್ ಮತ್ತೆ ತೆರೆಯಿತು, ಆದರೆ ಸಣ್ಣ ಮಿತಿಯಲ್ಲಿ.

ಆದಾಯ ಕಡಿಮೆಯಾದ ಹಡಗಿನಲ್ಲಿ ಮೊದಲು ಮುಂದೂಡುವುದು ರಿಪೇರಿ, ಆಮೇಲೆ ತರಬೇತಿ, ಆಮೇಲೆ ಹೊಸ ಲೆಕ್ಕ ಮಾಡಿಸುವ ಖರ್ಚು. ನುರಿತ ಕೆಲಸಗಾರರು ಬೇರೆ ಕೆಲಸಕ್ಕೆ ಹೋಗುತ್ತಾರೆ. ಅವರ ಜಾಗಕ್ಕೆ ಬರುವ ಹೊಸಬರು ಐಸು ಒಡೆಯುವ ಸುತ್ತಿಗೆ ಎಲ್ಲಿದೆ ಅಂತ ಕೇಳಬೇಕಾಗುತ್ತದೆ. ಅವರು ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ. ಈ ಹಡಗಿನ ಬೋನು ಯಾವ ವರ್ಷ ತೂಗಿದ್ದು? ಪುಸ್ತಕ ಮಾಡಿದ್ದು ಯಾರು, ಅದನ್ನು ಎರಡನೆಯವರು ಯಾರಾದರೂ ನೋಡಿದ್ದಾರಾ? ಎಷ್ಟು ಐಸು ಕಟ್ಟಿದರೆ ಹಿಂದೆ ತಿರುಗುತ್ತೀರಿ? ಕೆಲಸ ಕೇಳಿಕೊಂಡು ಧಕ್ಕೆಗೆ ಬಂದ ಇಪ್ಪತ್ತೆರಡರ ಹುಡುಗನಿಗೆ ಇದನ್ನೆಲ್ಲ ಕೇಳುವುದು ಸುಲಭವಲ್ಲ. ಆದ್ದರಿಂದ ಅವನ ಪರವಾಗಿ ಕೋಸ್ಟ್ ಗಾರ್ಡ್ ಕೇಳಬೇಕು, ಪ್ರತಿ ಹಡಗಿಗೂ, ಹಗ್ಗ ಬಿಚ್ಚುವ ಮೊದಲು.